ಪಡಸಾಲೆಯಿಂದ ಬನಶಂಕರಿಗೆ

ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿ ತೋರಿಸುತ್ತಿದ್ದ ವಿಜಯಮಹಾಂತೇಶನ ದೇಹದಲ್ಲಿ ದುಡಿಯುವ ಭಾಗಗಳು ಎರಡೇ ಇದ್ದವು: ಕೈ ಮತ್ತು ನಾಲಿಗೆ. ಕಾಲುಗಳು ಅವನನ್ನು ಗಾದಿಯಿಂದ ಊಟದ ತಾಟಿಗೆ, ತಾಟಿನಿಂದ ಹಾಸಿಗೆಗೆ ಮುಟ್ಟಿಸಿ ಉಳಿದ ಹೊತ್ತೆಲ್ಲ ರಜೆಯಲ್ಲಿರುತ್ತಿದ್ದವು. ಇಂಥವನು ವ್ಯಾಯಾಮದ ವಿಷಯದಲ್ಲಿ ನಾಲ್ಕು ಊರಿಗೆ ಮಾದರಿಯಾದದ್ದು ಹೇಗೆಂಬುದನ್ನು ಸಾವಕಾಶವಾಗಿಯೇ ಹೇಳಬೇಕು.

ಅವನ ಒಬ್ಬಳೇ ಮಗಳು ಪದ್ಮಶ್ರೀ ಒಂಬತ್ತನೆಯ ತರಗತಿ. ಕೂತಲ್ಲಿ ಕೂರದ ಹುಡುಗಿ. ಒಂದು ಸಂಜೆ ಶಾಲೆಯಿಂದ ಬಂದವಳೇ ಚೀಲವನ್ನು ಹೊಸ್ತಿಲಲ್ಲೇ ಒಗೆದು, "ಅಪ್ಪಾ, ಫರಹಾನಾ ಮೇಡಂ ನನ್ನ ಓಟದ ಟೀಮಿಗೆ ತಗೊಂಡಾರ. ನಾಳಿಂದ ಸಂಜಿಮುಂದ ಸಾಲಿ ಮೈದಾನದಾಗ ಪ್ರ್ಯಾಕ್ಟೀಸ್. ಆಮ್ಯಾಲ ಹುನಗುಂದದಾಗ ತಾಲೂಕಾ ಆಟ ಅದಾವಂತ," ಎಂದಳು.

"ಮೈದಾನ ಎಲ್ಲೈತಿ?" ಎಂದು ವಿಜಯಮಹಾಂತೇಶ ಕೇಳಿದ.

"ಸಾಲಿ ಮುಂದ. ಮತ್ತೆಲ್ಲಿರತೈತಿ?"

"ಮೈದಾನದ ಮುಂದ ಏನೈತಿ?"

"ರಸ್ತೆ."

"ರಸ್ತೇದಾಗ ಯಾರಿರತಾರ?"

"ಮಂದಿ."

"ಮುಗೀತಲ್ಲ," ಎಂದ ಅವನು, ಕಠಿಣ ಲೆಕ್ಕವೊಂದನ್ನು ಬಿಡಿಸಿದವನಂತೆ. "ಬೆಳದ ಹುಡುಗಿ ಮಂದಿ ಮುಂದ ಓಡಿದ್ರ ನಾಳೆ ಅಂಗಡ್ಯಾಗ ನಾ ಹೆಂಗ ಮಾರಿ ತೋರಸಲಿ?"

"ನೀ ಸೀರಿ ತೋರಸಪಾ. ನಿನ್ನ ಮಾರಿ ಯಾರು ಕೇಳ್ಯಾರ?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಅವಳ ತಾಯಿ ಶೀಲಾ ನಕ್ಕದ್ದು ಕೇಳಿಸಿತು. ಕೇಳಿಸಿತೆಂಬ ಕಾರಣಕ್ಕೇ ವಿಜಯಮಹಾಂತೇಶ ತನ್ನ ತೀರ್ಮಾನವನ್ನು ಇನ್ನಷ್ಟು ಗಟ್ಟಿ ಮಾಡಿದ. ಪದ್ಮಶ್ರೀ ಮೂರು ದಿನ ಅಪ್ಪನ ಸಂಗಡ ಮಾತು ಬಿಟ್ಟಳು.

ನಾಲ್ಕನೆಯ ದಿನ ಶಾಲೆಯಿಂದ ಪಾಲಕರೆಲ್ಲರ ಮೊಬೈಲಿಗೆ ಸಂದೇಶ ಬಂತು: ಈ ವಯಸ್ಸಿನ ಮಕ್ಕಳು ದಿನಕ್ಕೆ ಒಂದು ತಾಸಾದರೂ ಮೈ ದಣಿಸಬೇಕು, ಇಲ್ಲದಿದ್ದರೆ ಮುಂದೆ ದವಾಖಾನೆ ತಪ್ಪಿದ್ದಲ್ಲ. ದವಾಖಾನೆ ಎಂಬ ಶಬ್ದ ಓದಿದರೇ ಜ್ವರ ಬರುವ ವಿಜಯಮಹಾಂತೇಶ ಸಂಕಟಕ್ಕೆ ಬಿದ್ದ. ಮಗಳು ಓಡಬೇಕು, ಆದರೆ ಯಾರಿಗೂ ಕಾಣಬಾರದು. ಈ ತೊಡಕನ್ನು ಬಿಡಿಸಿದವನು ಬಾಗಲಕೋಟೆಯಲ್ಲಿದ್ದ ಶೀಲಾಳ ತಮ್ಮ ಅನಿಲಕುಮಾರ. ತನ್ನ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ವಿಡಿಯೋ ಗೇಮಿನ ಡಬ್ಬಿಯೊಂದನ್ನು ತಂದು ಟಿವಿಗೆ ಜೋಡಿಸಿಕೊಟ್ಟ. ಟಿವಿಯ ತಲೆಯ ಮೇಲೆ ಕೂತ ಕ್ಯಾಮೆರಾ ಎದುರಿಗಿದ್ದವರ ಕೈಕಾಲು ನೋಡುತ್ತಿರುತ್ತದೆ. ನೀವು ನಿಂತಲ್ಲೇ ಓಡಿದರೆ ಟಿವಿಯೊಳಗಿನ ಗೊಂಬೆ ಗುಡ್ಡ, ಹಳ್ಳ, ಸೇತುವೆ ದಾಟುತ್ತ ಓಡುತ್ತದೆ. ನೀವು ಜಿಗಿದರೆ ತಾನೂ ಜಿಗಿಯುತ್ತದೆ. ಕೊನೆಗೆ ಇಷ್ಟು ಕಿಲೋಮೀಟರ್ ಓಡಿದಿರಿ ಎಂದು ತೋರಿಸಿ ಚಪ್ಪಾಳೆ ತಟ್ಟುತ್ತದೆ.

ಪದ್ಮಶ್ರೀಗೆ ಇದು ಹಿಡಿಸಲಿಲ್ಲ. ಆದರೆ ಓಡಲು ಹುಟ್ಟಿದ ಕಾಲುಗಳು ಎಷ್ಟು ದಿನ ಮುನಿಸಿಕೊಂಡಿರಬಲ್ಲವು? ದಿನಾ ಸಂಜೆ ಪಡಸಾಲೆಯಲ್ಲಿ ಓಟ ಶುರುವಾಯಿತು. ಅಡುಗೆಮನೆಯ ಹಲಗೆಯ ಮೇಲಿನ ತಾಟು, ಬಟ್ಟಲುಗಳೂ ಅವಳ ಜೊತೆಗೇ ಕುಣಿಯತೊಡಗಿದವು. ಆ ಕ್ಯಾಮೆರಾಕ್ಕೆ ಒಂದು ದೌರ್ಬಲ್ಯವಿತ್ತು: ಯಾರು ಹೆಚ್ಚು ಕೈಯಾಡಿಸುತ್ತಾರೋ ಅವರನ್ನೇ ಆಟಗಾರರೆಂದು ತಿಳಿಯುತ್ತಿತ್ತು. ಶೀಲಾ ನೆಲ ಒರೆಸಲು ಬಂದರೆ ಗೊಂಬೆಯೂ ಬಗ್ಗಿ ಅವಳ ಹಿಂದೆ ಹೊರಡುತ್ತಿತ್ತು. ಒಂದು ದಿನ ಅವಳು ಚಾದರ ಝಾಡಿಸಿದ್ದಕ್ಕೆ ಚಿನ್ನದ ಪದಕ ಬಂತು. "ಹದಿನಾರು ವರ್ಷದಾಗ ಈ ಮನ್ಯಾಗ ನನಗ ಸಿಕ್ಕ ಮೊದಲನೇ ಪದಕ," ಎಂದು ಹೇಳಿ ಅವಳು ಚಾದರ ಮಡಚಿಟ್ಟು ಒಳಗೆ ಹೋದಳು.

ವಿಜಯಮಹಾಂತೇಶ ಮಾತ್ರ ಮಂಚದ ಮೇಲೆ ಕುಳಿತು, ಚಹಾ ಕುಡಿಯುತ್ತ, ಮಗಳ ಕಿಲೋಮೀಟರುಗಳನ್ನು ತನ್ನವೇ ಎಂಬಂತೆ ಅನುಭವಿಸುತ್ತಿದ್ದ.

ಅನಾಹುತ ಹುಟ್ಟಿದ್ದು ಅಂಗಡಿಯಲ್ಲಿ. ಒಂದು ಮಧ್ಯಾಹ್ನ ಕಮತಗಿಯ ನಾಲ್ವರು ಹೆಣ್ಣುಮಕ್ಕಳು ಸೀರೆ ನೋಡಲು ಬಂದಿದ್ದರು. ಅವರಲ್ಲೊಬ್ಬಳು, "ಈಗಿನ ಮಕ್ಕಳು ಮೊಬೈಲ್ ಹಿಡಕೊಂಡು ಕುಂತ್ರ ಭೂಕಂಪ ಆದ್ರೂ ಏಳಂಗಿಲ್ಲ," ಎಂದಳು. ಉಳಿದ ಮೂವರೂ ಒಪ್ಪಿದರು. ವಿಜಯಮಹಾಂತೇಶನಿಗೆ ಸುಮ್ಮನಿರಲಾಗಲಿಲ್ಲ.

"ನಮ್ಮ ಹುಡುಗಿ ಹಂಗಲ್ಲ ಬಿಡ್ರಿ. ದಿನಾ ಮೂರು ಕಿಲೋಮೀಟರ್ ಓಡತಾಳ."

ಇಷ್ಟಕ್ಕೇ ಮಾತು ಮುಗಿಯುತ್ತಿತ್ತು. ಆದರೆ ಅಂಗಡಿಯ ಕಟ್ಟೆಯ ಮೇಲೆ ಪಕ್ಕದ ಮನೆಯ ಮುರ್ತುಜಸಾಬ ಕುಳಿತಿದ್ದರು. ಮೂವತ್ತಾರು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಭೂಮಿಯ ಮೇಲೆ ಯಾರು ಎಷ್ಟು ದೂರ ಹೋದರೂ ಅವರಿಗೆ ಏಳುವ ಪ್ರಶ್ನೆ ಒಂದೇ.

"ಎಲ್ಲಿಂದ ಎಲ್ಲಿಗ್ರಿ?"

"ಮನಿಯಿಂದ," ಎಂದ ವಿಜಯಮಹಾಂತೇಶ.

"ಎಲ್ಲಿಗೆ?"

ಪಡಸಾಲೆಯಿಂದ ಪಡಸಾಲೆಗೆ ಎನ್ನಲು ಬಾಯಿ ಬರಲಿಲ್ಲ. ಕಣ್ಣು ಅತ್ತಿತ್ತ ಓಡಿ, ಗೋಡೆಯ ಮೇಲಿನ ಕ್ಯಾಲೆಂಡರಿನ ದೇವಿಯ ಚಿತ್ರದ ಮೇಲೆ ಬಿತ್ತು. "ಬನಶಂಕರಿಗೆ," ಎಂದುಬಿಟ್ಟ.

"ಬಾದಾಮಿ ಬನಶಂಕರಿ? ಮೂರು ಕಿಲೋಮೀಟರಿನ್ಯಾಗ?"

"ಒಂದ ದಿನಕ್ಕ ಅಲ್ರಿ... ದಿನಾ ಒಂದೀಟು, ಒಂದೀಟು."

ನಾಲ್ವರು ಹೆಣ್ಣುಮಕ್ಕಳೂ ಒಟ್ಟಿಗೇ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ಅಯ್ಯ ಶಿವನ! ಹರಕಿ ಏನ್ರಿ?"

ವಿಜಯಮಹಾಂತೇಶ ತಲೆಯಾಡಿಸಿದ. ಬಣ್ಣ ಹೋಗುವುದಿಲ್ಲ ತಾನೆ ಎಂದು ಗಿರಾಕಿಗಳು ಕೇಳಿದಾಗ ಆಡಿಸುವ ತಲೆ ಅದು. ಹೌದೆಂದವರಿಗೆ ಹೌದು, ಅಲ್ಲವೆಂದವರಿಗೆ ಅಲ್ಲ. ಉಳಿದ ಕೆಲಸವನ್ನು ಮುರ್ತುಜಸಾಬರೇ ಮುಗಿಸಿದರು.

"ತಿಳೀತು! ಇವತ್ತು ಮೂರು ಓಡಿ ಬಸ್ಸಿನಾಗ ಹೊಳ್ಳಿ ಬರೂದು. ನಾಳೆ ಬಸ್ಸಿನಾಗ ಅಲ್ಲಿತನಾ ಹೋಗಿ, ಬಿಟ್ಟಲ್ಲಿಂದ ಮುಂದಿನ ಮೂರು. ಹೆಣ್ಮಕ್ಕಳಿಗೆ ಬಸ್ ಫ್ರೀ, ಆಧಾರ್ ತೋರಿಸಿದ್ರ ಆತು. ಭಾಳ ಶಾಣ್ಯಾ ಹುಡುಗಿ! ಹುನಗುಂದ, ಅಮೀನಗಡ, ಕಮತಗಿ, ಶಿರೂರು ಮ್ಯಾಲ ಹೋಗಲಿ. ಬ್ಯಾರೆ ದಾರಿ ಹತ್ರ ಅಂತಾರ, ಕೇಳಬ್ಯಾಡ್ರಿ. ನನ್ನ ಬಸ್ಸು ಹೋಗತಿದ್ದದ್ದು ಇದ ದಾರಿ."

ಅಂದಿನಿಂದ ದಿನಾ ಬೆಳಿಗ್ಗೆ ಮುರ್ತುಜಸಾಬ ಕಾಂಪೌಂಡಿನ ಮೇಲಿಂದ, "ಒಟ್ಟು ಎಷ್ಟಾತ್ರಿ?" ಎಂದು ಕೇಳುವರು. ಇವನು ಟಿವಿ ತೋರಿಸಿದ ಸಂಖ್ಯೆ ಹೇಳುವನು. ಅವರು ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿ ಊರು ಹೇಳುವರು. ಐದನೆಯ ದಿನ ಪದ್ಮಶ್ರೀ ಹುನಗುಂದ ಮುಟ್ಟಿದಳು. ಹತ್ತನೆಯ ದಿನ ಅಮೀನಗಡ. "ಅಮೀನಗಡಕ್ಕ ಹೋಗಿ ಕರದಂಟು ತರಲಾರದ ಬರತಾರೇನ್ರಿ?" ಎಂದು ಮುರ್ತುಜಸಾಬ ನೊಂದುಕೊಂಡದ್ದರಿಂದ ವಿಜಯಮಹಾಂತೇಶ ಇಳಕಲ್ಲಿನ ಬಸ್ ನಿಲ್ದಾಣದಲ್ಲೇ ಕರದಂಟು ಕೊಂಡು, ಡಬ್ಬಿಯ ಮೇಲಿನ ಅಂಗಡಿಯ ಹೆಸರನ್ನು ಉಗುರಿನಿಂದ ಕೆರೆದು ಕೊಡಬೇಕಾಯಿತು.

ಅಂಗಡಿಯಲ್ಲಿ ಅವನ ಮಾನ ಏರಿತು. ಗಿರಾಕಿಗಳು ಸೀರೆಗಿಂತ ಮೊದಲು ಹುಡುಗಿಯ ಓಟದ ಸುದ್ದಿ ಕೇಳತೊಡಗಿದರು. ಇಷ್ಟು ಮಂದಿ ಕೇಳಿದರೂ, ಬೆಳೆದ ಹುಡುಗಿ ಒಬ್ಬಳೇ ಹೆದ್ದಾರಿಯಲ್ಲಿ ಓಡುವುದು ಸರಿಯೇ ಎಂದು ಒಬ್ಬರೂ ಕೇಳಲಿಲ್ಲ. ಇದು ವಿಜಯಮಹಾಂತೇಶನ ಲಕ್ಷ್ಯಕ್ಕೆ ಬರಲಿಲ್ಲ. ಮನೆಯಲ್ಲಿ ಇನ್ನೊಬ್ಬರ ಲಕ್ಷ್ಯಕ್ಕೆ ಬಂದಿತ್ತು.

"ಇದ್ದದ್ದು ಹೇಳಿಬಿಡ್ರಿ," ಎಂದು ಶೀಲಾ ಎರಡು ಸಲ ಹೇಳಿದಳು.

"ನಾ ಏನ್ ಸುಳ್ಳು ಹೇಳೀನಿ? ಕಿಲೋಮೀಟರ್ ಖರೆ, ಓಡಿದ್ದು ಖರೆ. ರಸ್ತೆ ಒಂದ ಮಂದಿ ಹಾಕ್ಯಾರ."

ಕಮತಗಿಗೆ ಸುದ್ದಿ ಒಯ್ಯಲು ನಾಲ್ವರು ಹೆಣ್ಣುಮಕ್ಕಳಿದ್ದರಲ್ಲ. ಅಲ್ಲಿ ವಿಜಯಮಹಾಂತೇಶನ ಅಕ್ಕ ಸಾವಿತ್ರೆವ್ವ ಇದ್ದಳು. ಹದಿನೈದನೆಯ ದಿನ ಅವಳ ಫೋನು ಬಂತು.

"ಮಾಂತ್ಯಾ! ನಾ ಸತ್ತೀನೋ, ಬದಕೀನೋ?"

"ಹಂಗ್ಯಾಕಂತಿ ಅಕ್ಕಾ?"

"ಬದಕಿದ್ರ, ನನ್ನ ಮನಿ ಮುಂದ ಓಡಿಹೋದ ಹುಡುಗಿ ಒಳಗ ಬಂದು ಒಂದು ಗುಟುಕು ನೀರು ಕುಡೀತಿದ್ದಿಲ್ಲೇನು? ಮೂರು ದಿನ ಬಿಸಿನೀರು ಕಾಸಿಟ್ಟು ಕಟ್ಟಿ ಮ್ಯಾಲ ಕುಂತೀನೋ! ಇಡೀ ಓಣಿ ಕೇಳಾಕತ್ತೈತಿ, ಸಾವಿತ್ರೆವ್ವ, ನಿನ್ನ ತಮ್ಮನ ಮಗಳು ಬಂದ್ಲೇನು ಅಂತ!"

ಆ ಸೀಮೆಯಲ್ಲಿ ದೇವರಿಗೆ ನಡೆದು ಹೋಗುವವರು ದಾರಿಯ ಊರಲ್ಲಿ ನಿಂತರೆ ಅವರ ಕಾಲಿಗೆ ಬಿಸಿನೀರು ಹಾಕಿ, ಎಣ್ಣೆ ತಿಕ್ಕಿ, ಬುತ್ತಿ ಕಟ್ಟಿ ಕಳಿಸುವುದು ರೂಢಿ. ಗುರುತಿಲ್ಲದವರಿಗೇ ಇಷ್ಟು ನಡೆಯುವಾಗ ಸ್ವಂತ ತಮ್ಮನ ಮಗಳು ಮನೆ ತಪ್ಪಿಸಿ ಹೋದಳೆಂದರೆ ಅದು ಸಣ್ಣ ಅವಮಾನವಲ್ಲ.

"ಮುಂಜಾನೆ ಲಗೂನ ದಾಟಿಬಿಟ್ಲಕ್ಕಾ," ಎಂದ ವಿಜಯಮಹಾಂತೇಶ.

"ಎಷ್ಟು ಗಂಟೇಕ?"

"ಐದಕ್ಕ."

"ಐದಕ್ಕ ನಾ ಅಂಗಳ ಕಸಾ ಹೊಡಿಯಾಕತ್ತಿರತೇನಿ."

"ಹಂಗಾರ... ನಾಲ್ಕೂವರಿಗೆ ಇರಬೇಕು."

"ಸುಡಗಾಡು! ಈಗೆಲ್ಲಿ ಅದಾಳ?"

"ಶಿರೂರು ಹತ್ರ," ಎಂದ, ಬೆಳಿಗ್ಗೆ ಮುರ್ತುಜಸಾಬರು ಹೇಳಿದ್ದನ್ನು ನೆನೆದು.

"ಆತು. ರವಿವಾರ ಮುಂಜಾನೆ ಎಂಟಕ್ಕ ನಾ ಶಿರೂರಾಗ ಇರತೇನಿ. ನಮ್ಮ ಮಹಿಳಾ ಸಂಘದವರನ್ನೂ ಕರಕೊಂಡು ಬರತೇನಿ. ಹುಡುಗಿ ಊರು ಹೊಕ್ಕಾಗ ಕಾಲಿಗೆ ನೀರು ಹಾಕಾಕಿ ನಾನ. ಈ ಸಲ ತಪ್ಪಿಸಿದ್ರ ನಿನಗೂ ನನಗೂ ಬಾಗಲಾ ಬಂದ್!"

ಸಂಜೆಯೊಳಗೆ ಇನ್ನೊಂದು ಫೋನು. ಶಿರೂರಿನ ಹಿರಿಯ ಮಾಳಿಂಗರಾಯರದು. ಅವರ ಮನೆಯ ಕಪಾಟಿನಲ್ಲಿ ಸದಾ ಹತ್ತು ಶಾಲು ಸಿದ್ಧವಿರುತ್ತಿದ್ದವು. ಹೊದಿಸಲು ಜನ ಸಿಗುವುದೇ ಕಷ್ಟವಾಗಿತ್ತು. "ಇಂಥಾ ಹುಡುಗಿ ನಮ್ಮೂರಿಗೆ ಬರಾಕತ್ತಾಳಂದ್ರ ಸುಮ್ನ ಬಿಡತೇವೇನ್ರಿ? ಹಲಗಿ ಬಾರಸವ್ರಿಗೂ ಹೇಳೇನಿ," ಎಂದರು.

ವಿಜಯಮಹಾಂತೇಶ ಆ ರಾತ್ರಿ ಊಟ ಬಿಟ್ಟು ಯೋಜನೆ ಹಾಕಿ, ಬೆಳಿಗ್ಗೆ ಮಗಳ ಮುಂದಿಟ್ಟ.

"ಬಸ್ಸಿನಾಗ ಹೋಗೂಣು. ಶಿರೂರಿಗೆ ಒಂದು ಕಿಲೋಮೀಟರ್ ಇರೂಮುಂದ ಇಳಿಯೂಣು. ಅಲ್ಲಿಂದ ನೀ ಓಡು. ಮಾರಿಗೆ ನಾ ಒಂದೀಟು ನೀರು ಚಿಮುಕಿಸತೇನಿ, ಬೆವರು ಕಂಡಂಗಾಗತೈತಿ."

"ನಾ ಸುಳ್ಳು ಓಡಂಗಿಲ್ಲ," ಎಂದಳು ಪದ್ಮಶ್ರೀ.

"ಓಟದಾಗ ಸುಳ್ಳೆಂಥಾದ್ದವಾ?"

"ಮಂದಿ ಮುಂದ ಓಡಿದ್ರ ನಿನ್ನ ಮಾರಿ ಹೋಗತೈತಿ ಅಂದಿ. ಈಗ ಮಾರಿ ಉಳಸಾಕ ಮಂದಿ ಮುಂದ ಓಡು ಅಂತಿ. ಯಾವುದರ ಒಂದು ಗಟ್ಟಿ ಮಾಡಪಾ."

ಅವನು ಹೆಂಡತಿಯ ಕಡೆ ನೋಡಿದ. ಶೀಲಾ ಹಿಟ್ಟು ನಾದುತ್ತಿದ್ದಳು. "ಅಕೀ ಕೇಳೂದು ಸರಿ ಐತಿ," ಎಂದಳು, ಹಿಟ್ಟಿನಿಂದ ಕಣ್ಣೆತ್ತದೆ.

"ನಾ ಶಿರೂರಿಗೆ ಬರತೇನಿ," ಎಂದು ಪದ್ಮಶ್ರೀ ಹೇಳಿದಳು. "ಆದ್ರ ಎಲ್ಲಾರ ಮುಂದ ಬಸ್ಸಿನಿಂದ ಇಳಿತೇನಿ. ಇದ್ದದ್ದು ಹೇಳತೇನಿ. ಆಮ್ಯಾಲ ನಾ ಕೇಳೂದನ್ನ ಕೇಳತೇನಿ."

ರವಿವಾರ ಬೆಳಿಗ್ಗೆ ವಿಜಯಮಹಾಂತೇಶನಿಗೆ ಹೊಟ್ಟೆನೋವು ಬಂತು. "ಬಸ್ಸಿನಾಗ ಕುಂತ್ರ ಕಮ್ಮಿ ಆಗತೈತಿ," ಎಂದು ಶೀಲಾ ಅವನ ಚಪ್ಪಲಿ ತಂದಿಟ್ಟಳು. ಬಸ್ಸಾದರೂ ಕೆಡಲಿ ಎಂದು ಅವನು ಬೇಡಿಕೊಂಡ. ಎಂದೂ ವೇಳೆಗೆ ಬಾರದ ಬಸ್ಸು ಅಂದು ಐದು ನಿಮಿಷ ಮೊದಲೇ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮುರ್ತುಜಸಾಬರು ಆಗಲೇ ಬಾಗಿಲ ಹತ್ತಿರದ ಸೀಟು ಹಿಡಿದಿದ್ದರು. "ಹುಡುಗಿ ನಿನ್ನೆ ನಿಂತಲ್ಲಿ ಇಳೀತಾಳಲ್ರಿ?" ಎಂದು ಅವರು ದಾರಿಯುದ್ದಕ್ಕೂ ಕೇಳಿದರು. ವಿಜಯಮಹಾಂತೇಶ ಹೊಟ್ಟೆ ಹಿಡಿದುಕೊಂಡು ಕಿಟಕಿಯಾಚೆ ನೋಡಿದ.

ಶಿರೂರಿನ ಬಸ್ ನಿಲ್ದಾಣದಲ್ಲಿ ಎರಡು ಟಂಟಂ ಗಾಡಿ ತುಂಬ ಬಂದಿಳಿದ ಕಮತಗಿಯ ಹೆಂಗಸರು ಹಂಡೆಯ ನೀರು, ಕಾಲು ತೊಳೆಯಲು ಹಿತ್ತಾಳೆಯ ಅಗಲವಾದ ಪರಾತ, ರೊಟ್ಟಿಯ ಗಂಟು ಇಟ್ಟುಕೊಂಡು ಇಳಕಲ್ಲಿನ ರಸ್ತೆಯನ್ನೇ ನೋಡುತ್ತ ನಿಂತಿದ್ದರು. ಬಸ್ಸಿನಿಂದ ಯಾರಿಳಿದರೆಂದು ಯಾರೂ ನೋಡಲಿಲ್ಲ. ಪದ್ಮಶ್ರೀಯೇ ಹೋಗಿ ಸಾವಿತ್ರೆವ್ವನ ಭುಜ ಮುಟ್ಟಿದಳು.

"ಅತ್ತೀ."

"ಸರಿಯವ್ವಾ, ದಾರಿ ಬಿಡು, ನಮ್ಮ ಹುಡುಗಿ ಬರಾಕತ್ತಾಳ," ಎಂದ ಸಾವಿತ್ರೆವ್ವ ತಿರುಗಿ ನೋಡಿ, "ಏ! ಬಸ್ಸಿನಾಗ ಬಂದಿ?" ಎಂದಳು.

ಹಲಗೆಯವರು ಬಾರಿಸಲು ಎತ್ತಿದ ಕೈ ಹಾಗೇ ನಿಂತಿತು.

"ಹೌದತ್ತಿ. ನಾ ಒಂದು ದಿನಾನೂ ರಸ್ತೇದಾಗ ಓಡಿಲ್ಲ. ಮನ್ಯಾಗ, ಟಿವಿ ಮುಂದ ಓಡೇನಿ. ವಿಡಿಯೋ ಗೇಮಿನ್ಯಾಗ."

ಎಲ್ಲರೂ ಒಟ್ಟಿಗೇ ಮಾತಾಡಿದರು.

"ಟಿವಿ ಮುಂದ? ಹಂಗಾರ ನಾ ಮೂರು ದಿನ ಕಾಸಿದ ನೀರು?" ಇದು ಸಾವಿತ್ರೆವ್ವ.

"ಕರದಂಟು? ಆ ಕರದಂಟು ಎಲ್ಲೀದ್ರಿ?" ಎಂದರು ಮುರ್ತುಜಸಾಬರು. "ಮೂವತ್ತಾರು ವರ್ಷ ಟಿಕೆಟ್ ಇಲ್ಲದವರನ್ನ ಹಿಡದಾಂವ ನಾ. ಬಾಜೂ ಮನಿಯವರನ್ನ ಹಿಡೀಲಿಲ್ಲಲ್ರಿ!"

"ದೇವರ ಹೆಸರಿಲೆ ಮೋಸ!" ಎಂದು ಮಾಳಿಂಗರಾಯರು ಶಾಲನ್ನು ಬಗಲಿಗೆ ಸೇರಿಸಿದರು.

"ದೇವರ ಹೆಸರು ನಾ ಹೇಳಿಲ್ಲಜ್ಜಾ. ಅಪ್ಪನ ಅಂಗಡ್ಯಾಗಿನ ಕ್ಯಾಲೆಂಡರ್ ಹೇಳೇತಿ."

ಎಲ್ಲರ ಕಣ್ಣೂ ವಿಜಯಮಹಾಂತೇಶನ ಮೇಲೆ ಬಿದ್ದವು. ಅವನು ಪರಾತದ ಹಿಂದೆ ಸರಿಯಲು ನೋಡಿದ. ಪರಾತ ಸಣ್ಣದಾಗಿತ್ತು.

"ನಾವ ಹಲಗಿ ಬಾರಸಬೇಕೋ, ಬ್ಯಾಡೋ?" ಎಂದು ಹಲಗೆಯವನೊಬ್ಬ ಕೇಳಿದ.

"ಒಂದು ಮಾತು ಕೇಳತೇನಿ," ಎಂದಳು ಪದ್ಮಶ್ರೀ. "ಹದಿನೈದು ದಿನ ನೀವೆಲ್ಲಾರೂ ನಾ ಒಬ್ಬಾಕೀನ ಹೆದ್ದಾರ್ಯಾಗ ಓಡಾಕತ್ತೀನಿ ಅಂತ ತಿಳಿದಿದ್ರಿ. ಹೌದಿಲ್ಲೋ? ಆವಾಗ ಯಾರೂ ತಪ್ಪಂದಿಲ್ಲ. ಅತ್ತೀ, ನೀ ನೀರು ಕಾಸಿದಿ. ಅಜ್ಜಾ, ನೀವು ಶಾಲು ತಂದ್ರಿ. ಚಾಚಾ, ನೀವಂತೂ ದಾರಿ ಹಾಕಿಕೊಟ್ರಿ. ಹೆದ್ದಾರ್ಯಾಗ ಓಡಿದ್ರ ಶಾಲು, ಸಾಲಿ ಮೈದಾನದಾಗ ಓಡಿದ್ರ ಮರ್ಯಾದಿ ಹೋಗೂದು, ಇದು ಯಾವ ಲೆಕ್ಕ?"

"ಯಾರಂದ್ರು ಮರ್ಯಾದಿ ಹೋಗತೈತಂತ?" ಎಂದು ಸಾವಿತ್ರೆವ್ವ ಸೊಂಟದ ಮೇಲೆ ಕೈಯಿಟ್ಟಳು.

ಪದ್ಮಶ್ರೀ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ವಿಜಯಮಹಾಂತೇಶನ ಹೊಟ್ಟೆನೋವು ಈಗ ನಿಜವಾಗಿಯೂ ಶುರುವಾಗಿತ್ತು.

"ನೀವ ಹೇಳೂತನಾ ನಾ ಕಾಯಂಗಿಲ್ಲ," ಎಂದಳು ಹುಡುಗಿ. "ಅತ್ತೀ, ನಿನ್ನ ಮನಿ ತಪ್ಪಿಸಿ ಹೋದೆ ಅಂದ್ಯಲ್ಲ? ಈಗ ಅಲ್ಲಿಗೇ ಹೊಂಟೇನಿ. ಓಡಿಕೋತ." ಶೀಲಾ ಮುಂದೆ ಬಂದು ಮಗಳ ಓಢಣಿಯನ್ನು ಸೊಂಟಕ್ಕೆ ಬಿಗಿದು ಗಂಟು ಹಾಕಿದಳು. ಪದ್ಮಶ್ರೀ ಕಮತಗಿಯ ಕಡೆಗೆ ತಿರುಗಿ ಓಡತೊಡಗಿದಳು.

"ಏನ್ರೀ ನೋಡ್ಕೋತ ನಿಂತೀರಿ? ಕರೀರಿ ಹಿಂದಕ್ಕ!" ಎಂದು ಮಾಳಿಂಗರಾಯರು ವಿಜಯಮಹಾಂತೇಶನನ್ನು ತಿವಿದರು.

ಅವನು ಎರಡು ಹೆಜ್ಜೆ ಮುಂದೆ ಹೋಗಿ, ಎದೆ ತುಂಬ ಉಸಿರೆಳೆದು ಕೂಗಿದ. "ಪದ್ಮೀ! ಬಲಕ್ಕ ಓಡು! ಎದುರಿಗೆ ಬರೂ ಲಾರಿ ಕಾಣತಾವ!"

ಕೂಗಿದ ಮೇಲೆ ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ಅವನಿಗೇ.

ಆಗ ಸಾವಿತ್ರೆವ್ವ ತಲೆಯ ಮೇಲೆ ಕೈಹೊತ್ತಳು. "ಅಯ್ಯ! ನನ್ನ ಮನಿಗೆ ಕೀಲಿ ಹಾಕೇತಿ! ಹುಡುಗಿ ಮೊದಲ ಮುಟ್ಟಿದ್ರ ಈ ಸಲಾನೂ ನೀರಿಲ್ಲ! ಏ, ಹಂಡೆ ಎತ್ರಿ! ಗಾಡಿ ಹತ್ರಿ!"

ಹಂಡೆ, ಪರಾತ, ರೊಟ್ಟಿ, ಹೆಂಗಸರು, ಜೊತೆಗೆ ಏನು ಮಾಡಬೇಕೆಂದು ತಿಳಿಯದ ಹಲಗೆಯವರೂ ಟಂಟಂ ಹತ್ತಿದರು. ಮುರ್ತುಜಸಾಬರು ಎರಡನೆಯ ಗಾಡಿಯ ಹಿಂಬದಿಗೆ ಜೋತುಬಿದ್ದು, ಕೈಗಡಿಯಾರ ನೋಡಿ, "ಶಿರೂರು ಬಿಟ್ಟದ್ದು ಎಂಟೂ ಹದಿನೆಂಟು. ಇದಕ್ಕ ನಾನ ಸಾಕ್ಷಿ," ಎಂದರು. ಅವರ ಪಕ್ಕದಲ್ಲೇ ವಿಜಯಮಹಾಂತೇಶನೂ ಜೋತುಬಿದ್ದ. ಮಾಳಿಂಗರಾಯರು ಶಾಲಿನೊಂದಿಗೆ ನಿಲ್ದಾಣದಲ್ಲೇ ಉಳಿದರು.

ಟಿವಿಯೊಳಗಿನ ಗುಡ್ಡಕ್ಕೂ ಹೊರಗಿನ ಏರಿಗೂ ಇರುವ ಅಂತರ ಪದ್ಮಶ್ರೀಗೆ ಎರಡನೆಯ ಕಿಲೋಮೀಟರಿನಲ್ಲಿ ತಿಳಿಯಿತು. ಇಲ್ಲಿ ಗಾಳಿ ಎದುರು ಬೀಸುತ್ತಿತ್ತು, ಜಲ್ಲಿಕಲ್ಲು ಕಾಲಿಗೆ ಒತ್ತುತ್ತಿತ್ತು, ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಪಕ್ಕೆ ಹಿಡಿಯಿತು. ಅವಳು ಬಗ್ಗಿ ಮೊಣಕಾಲಿಗೆ ಕೈಯೂರಿ ನಿಂತಳು. ಟಂಟಂ ಬಂದು ಪಕ್ಕದಲ್ಲಿ ನಿಂತಿತು.

"ಸಾಕು ಬಾ ತಂಗಿ, ಹತ್ತು," ಎಂದು ಹೆಂಗಸರು ಕೈಚಾಚಿದರು. ಅವಳು ತಲೆಯೆತ್ತದೆ ಕೈ ಬೀಸಿ ಬೇಡವೆಂದಳು. ಇಪ್ಪತ್ತು ಹೆಜ್ಜೆ ನಡೆದಳು. ಮತ್ತೆ ಓಡಿದಳು. ಅವಳೊಬ್ಬಳನ್ನೇ ಬಿಟ್ಟು ಮುಂದೆ ಹೋಗಲು ಸಾವಿತ್ರೆವ್ವನಿಗೂ ಮನಸ್ಸಾಗದೆ, ಗಾಡಿಗಳು ಆಮೆಯಂತೆ ಅವಳ ಹಿಂದೆ ಹೊರಟವು.

ಎದುರಿಗೆ ಬಂದ ಮೋಟಾರ್‌ಸೈಕಲ್ಲಿನವನೊಬ್ಬ ಬ್ರೇಕು ಹಾಕಿ, ಓಡುವ ಹುಡುಗಿಯನ್ನೂ ಹಿಂದಿನ ಮೆರವಣಿಗೆಯನ್ನೂ ಬಾಯಿಬಿಟ್ಟು ನೋಡಿದ. "ಯಾರ ಹುಡುಗಿರೀ ಅದು?" ಎಂದು ಕೇಳಿದ. "ಇಷ್ಟು ಬೆಳದಾಕಿ ಹಿಂಗ ನಡುರಸ್ತೇದಾಗ ಓಡಾಕತ್ತಾಳ, ಮಂದೆಲ್ಲಾ ನೋಡಾಕತ್ತೈತಿ!"

ವಿಜಯಮಹಾಂತೇಶ ಹಿಡಿದ ಕಂಬಿಯನ್ನು ಬಿಡದೆ ಅವನ ಕಡೆಗೆ ಬಾಗಿದ.

"ನನ್ನ ಮಗಳು," ಎಂದ. "ನಾಳಿಂದ ಸಂಜಿಮುಂದ ಇಳಕಲ್ಲ ಸಾಲಿ ಮೈದಾನದಾಗ ಓಡತಾಳ. ಇನ್ನೂ ನೋಡೂದಿತ್ತಂದ್ರ ಅಲ್ಲಿಗೇ ಬಂದುಬಿಡ್ರಿ."